ಲಾ ಕ್ರಾಸ್ ಊರಿನ ಡಿಸೆಂಬರ್ ದೀಪಾಲಂಕಾರ: ಹಿರಿಯರು ಆ ಚಳಿಯಲ್ಲಿ ಹೋಗಿ ನೋಡಬಹುದೇ?

ಪ್ರಶ್ನೆ: ನಿವೃತ್ತ ಶಿಕ್ಷಕಿ, ಬಸವನಗುಡಿ

ಎಲ್ಲರಿಗೂ ನಮಸ್ಕಾರ. ನಾನೂ ನಮ್ಮ ಯಜಮಾನರೂ ಈ ಡಿಸೆಂಬರಿನಲ್ಲಿ ಮೊದಲ ಸಲ ಅಮೆರಿಕಕ್ಕೆ ಹೊರಟಿದ್ದೇವೆ. ನಮ್ಮ ಮಗಳು ವಿಸ್ಕಾನ್ಸಿನ್ ರಾಜ್ಯದ ಲಾ ಕ್ರಾಸ್ ಎಂಬ ಊರಿನ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುತ್ತಾಳೆ. ಮಿಸಿಸಿಪ್ಪಿ ನದಿಯ ದಂಡೆಯ ಮೇಲಿರುವ, ಸುಮಾರು 52 ಸಾವಿರ ಜನರಿರುವ ಊರು ಅದು. ನಮ್ಮ ಕಡೆಯ ಒಂದು ತಾಲ್ಲೂಕು ಕೇಂದ್ರಕ್ಕಿಂತ ದೊಡ್ಡದೇನಲ್ಲ. ಡಿಸೆಂಬರ್ 18ರ ಸುಮಾರಿಗೆ ತಲುಪಿ ಜನವರಿ ಕೊನೆಯವರೆಗೆ ಅಲ್ಲಿರುವುದೆಂದು ನಿಶ್ಚಯಿಸಿದ್ದೇವೆ. ಅವಳದು ಪಾಳಿಯ ಕೆಲಸವಾದ್ದರಿಂದ ಒಟ್ಟಿಗೆ ಸಿಗುವ ರಜೆ ನಾಲ್ಕೇ ದಿನ.

ಆ ನಾಲ್ಕು ದಿನಗಳನ್ನು ಹೇಗೆ ಕಳೆಯಬೇಕು ಎಂಬುದರ ಬಗ್ಗೆ ಮನೆಯಲ್ಲಿ ಎರಡು ಅಭಿಪ್ರಾಯಗಳಿವೆ. ಅಷ್ಟು ದೂರ ಹೋಗಿ ಆ ಸಣ್ಣ ಊರಿನಲ್ಲಿ ಏನು ನೋಡುತ್ತೀರಿ, ಶಿಕಾಗೋಗೆ ಹೋಗಿ ಎಂದು ನೆಂಟರೆಲ್ಲ ಹೇಳುತ್ತಿದ್ದಾರೆ. ಮಗಳು ಮಾತ್ರ, ನಮ್ಮ ಊರಿನ ನದೀತೀರದ ಉದ್ಯಾನದಲ್ಲಿ ಕ್ರಿಸ್ಮಸ್ ಹೊತ್ತಿಗೆ ಹಚ್ಚುವ ದೀಪಗಳನ್ನು ನೀವು ಮೊದಲು ನೋಡಲೇಬೇಕು ಎನ್ನುತ್ತಾಳೆ. ಕಡಲೆಕಾಯಿ ಪರಿಷೆಯ ದಿನಗಳಲ್ಲಿ ರಾಮಕೃಷ್ಣ ಆಶ್ರಮದ ಕಡೆಯಿಂದ ದೊಡ್ಡ ಗಣಪತಿ ದೇವಸ್ಥಾನದವರೆಗೆ ಕಟ್ಟುವ ದೀಪದ ಸಾಲುಗಳ ಕೆಳಗೆ ಪ್ರತಿವರ್ಷವೂ ನಾವಿಬ್ಬರೂ ನಡೆದುಹೋಗುವವರು, ಆದ್ದರಿಂದ ನನಗೂ ಆ ಆಸೆ ಇದೆ. ಆದರೆ ನಮ್ಮವರಿಗೆ 71 ವರ್ಷ. ಮಂಡಿಯ ಶಸ್ತ್ರಚಿಕಿತ್ಸೆಯಾಗಿ ಎರಡು ವರ್ಷವಾಯಿತು. ಲಾಲ್‌ಬಾಗ್‌ನಲ್ಲಿ ದಿನವೂ ಅರ್ಧ ಗಂಟೆ ಆರಾಮವಾಗಿ ನಡೆಯುತ್ತಾರೆ, ಮಂಜಿನ ಮೇಲೆ ನಡೆದು ಅಭ್ಯಾಸವಿಲ್ಲ.

ಅಲ್ಲಿದ್ದು ಬಂದವರು ದಯವಿಟ್ಟು ತಿಳಿಸಿ. ಈ ದೀಪಾಲಂಕಾರವನ್ನು ಕಾರಿನಲ್ಲಿ ಕುಳಿತೇ ನೋಡಬಹುದೇ? ಹಗಲಿನಲ್ಲಿ ನೋಡುವಂಥದ್ದು ಆ ಊರಿನಲ್ಲಿ ಏನಿದೆ? ಇನ್ನೊಂದು ಸಣ್ಣ ಪ್ರಶ್ನೆ: ಮಗಳ ಮನೆಯ ಬಾಲ್ಕನಿಗೆ ಹಾಕಲು ಚಿಕ್ಕಪೇಟೆಯಿಂದ ನಾಲ್ಕು ಸೀರಿಯಲ್ ಸೆಟ್ ಒಯ್ಯಬೇಕೆಂದಿದ್ದೇನೆ, ಅವು ಅಲ್ಲಿ ಉರಿಯುತ್ತವೆಯೇ?

ಉತ್ತರ 1: ಜಯನಗರ, ಹಿಂದೆ ಲಾ ಕ್ರಾಸ್‌ನಲ್ಲಿ ಇದ್ದವರು

ನಮಸ್ಕಾರ ಮೇಡಂ. ಕೆಲಸದ ನಿಮಿತ್ತ ನಾನು ಲಾ ಕ್ರಾಸ್‌ನಲ್ಲಿ ಎರಡು ವರ್ಷ ಇದ್ದೆ. ಎರಡು ಚಳಿಗಾಲಗಳಲ್ಲಿಯೂ ಆ ದೀಪಗಳನ್ನು ನೋಡಿದ್ದೇನೆ, ಒಮ್ಮೆ ಕಾರಿನಲ್ಲಿ, ಮಿಕ್ಕಷ್ಟು ಸಲ ನಡೆದುಕೊಂಡು. ನಿಮ್ಮ ಮಗಳ ಮಾತನ್ನೇ ಕೇಳಿ.

ಅಲ್ಲಿನವರು ಅದನ್ನು ರೋಟರಿ ಲೈಟ್ಸ್ ಎನ್ನುತ್ತಾರೆ. 1995ರಲ್ಲಿ ಆರಂಭವಾಯಿತು. ಬ್ಲ್ಯಾಕ್ ಮತ್ತು ಲಾ ಕ್ರಾಸ್ ಎಂಬ ಎರಡು ನದಿಗಳು ಬಂದು ಮಿಸಿಸಿಪ್ಪಿಯನ್ನು ಸೇರುವ ಜಾಗದಲ್ಲಿರುವ ರಿವರ್‌ಸೈಡ್ ಪಾರ್ಕ್‌ನಲ್ಲಿ, ನವೆಂಬರಿನ ನಾಲ್ಕನೆಯ ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನದಿಂದ ಡಿಸೆಂಬರ್ 31ರವರೆಗೆ ಪ್ರತಿದಿನ ಸಂಜೆ ಬೆಳಗುತ್ತದೆ. ಈಗ ಅಲ್ಲಿ 30 ಲಕ್ಷಕ್ಕೂ ಹೆಚ್ಚು ದೀಪಗಳಿವೆ. ದಸರಾದಲ್ಲಿ ಮೈಸೂರು ಅರಮನೆಗೆ ಹೊತ್ತಿಸುವುದು ಸುಮಾರು 1 ಲಕ್ಷ ಬಲ್ಬುಗಳನ್ನು ಎಂದು ನೆನಪಿಸಿಕೊಂಡರೆ ಪ್ರಮಾಣ ತಿಳಿಯುತ್ತದೆ. ಆದರೆ ಅರಮನೆಯ ಗಾಂಭೀರ್ಯ ಅಲ್ಲಿಲ್ಲ. ಮರದ ಬುಡದಿಂದ ತುದಿಯ ರೆಂಬೆಯವರೆಗೆ ದೀಪ ಸುತ್ತಿದ್ದಾರೆ, ದಾರಿಯ ಮೇಲೆ ಕಮಾನು ಕಟ್ಟಿದ್ದಾರೆ, ಮಕ್ಕಳಿಗಾಗಿ ಸಾಂತಾ ಕ್ಲಾಸ್, ಹಿಮಸಾರಂಗ, ಕುದುರೆಗಾಡಿ ಎಲ್ಲ ಇವೆ. ಊರ ಹಬ್ಬದ ಗದ್ದಲವೂ ಸಂತೋಷವೂ ಅದರಲ್ಲಿದೆ.

ಪ್ರವೇಶದ ಪದ್ಧತಿಯನ್ನು ವಿಶೇಷವಾಗಿ ಹೇಳಬೇಕು. ಟಿಕೆಟ್ ಇಲ್ಲ. ಬಾಗಿಲಲ್ಲಿ ನಿಂತ ಸ್ವಯಂಸೇವಕರಿಗೆ ಕೆಡದಂತಹ ಆಹಾರದ ಡಬ್ಬಿಗಳನ್ನೋ ಒಂದಿಷ್ಟು ಹಣವನ್ನೋ ಕೊಟ್ಟು ಒಳಗೆ ಹೋಗುವುದು. ಹಾಗೆ ಸೇರಿದ ಆಹಾರವೆಲ್ಲ ಆ ಪ್ರದೇಶದ ಅಗತ್ಯವಿರುವ ಕುಟುಂಬಗಳಿಗೆ ದಿನಸಿ ಹಂಚುವ ಕೇಂದ್ರಗಳಿಗೆ ಹೋಗುತ್ತದೆ. ಮೊದಲ ಸಲ ನನಗಿದು ತಿಳಿದಿರಲಿಲ್ಲ, ಬರಿಗೈಯಲ್ಲಿ ಹೋಗಿದ್ದೆ. ಕೊರೆಯುವ ಗಾಳಿಯಲ್ಲಿ ನಿಂತಿದ್ದ ಹಿರಿಯರೊಬ್ಬರು ಒಂದು ಮಾತೂ ಆಡದೆ ನಕ್ಕು ಒಳಗೆ ಬಿಟ್ಟರು. ಮರುದಿನ ಸಂಜೆ ಎರಡು ಚೀಲ ತುಂಬ ಬೀನ್ಸ್, ಟೊಮೇಟೊ ಡಬ್ಬಿಗಳನ್ನು ಕೊಂಡೊಯ್ದು ಕೊಟ್ಟ ಮೇಲೆಯೇ ನನಗೆ ಸಮಾಧಾನವಾಯಿತು. ಇಡೀ ಉತ್ಸವವನ್ನು ನಡೆಸುವವರು ಊರಿನ ಸೇವಾಸಂಸ್ಥೆಗಳ ಸಾವಿರಾರು ಸ್ವಯಂಸೇವಕರು. ತಮ್ಮ ಊರಿನ ದೀಪಗಳನ್ನು ತಾವೇ ಕಟ್ಟಿ, ತಾವೇ ಕಾವಲಿದ್ದು, ತಾವೇ ಬಿಚ್ಚಿಡುವ ಈ ರೀತಿಯನ್ನು ದೊಡ್ಡ ನಗರದಲ್ಲಿ ನೀವು ಕಾಣಲಾರಿರಿ.

ಕಾರಿನಲ್ಲಿ ಕುಳಿತು ನೋಡುವ ಅವಕಾಶ ಖಂಡಿತ ಇದೆ, ಆದರೆ ಒಂದು ಸುತ್ತು ಬೇಗ ಮುಗಿಯುತ್ತದೆ, ಗಾಜಿನ ಮೇಲೆ ಉಸಿರಿನ ಮಂಜು ಕಟ್ಟಿ ಅರ್ಧ ದೃಶ್ಯ ಹೋಗುತ್ತದೆ. ಮೊದಲು ಕಾರಿನಲ್ಲಿ ಒಂದು ಸುತ್ತು ಹೋಗಿ, ನಿಮ್ಮ ಯಜಮಾನರಿಗೆ ಯಾವ ಭಾಗ ಹಿಡಿಸಿತೋ ಅಲ್ಲಿಗೆ ಮಾತ್ರ ಇಳಿದು ಹದಿನೈದು ಇಪ್ಪತ್ತು ನಿಮಿಷ ನಡೆಯಿರಿ. ನದಿಯ ಕಡೆಯ ದಾರಿಯನ್ನು ಬಿಡಬೇಡಿ. ಡಿಸೆಂಬರಿನಲ್ಲಿ ಅಲ್ಲಿ ಸಂಜೆ ನಾಲ್ಕೂವರೆಗೇ ಸೂರ್ಯ ಮುಳುಗುತ್ತಾನೆ. ಐದರ ಹೊತ್ತಿಗೆ ಹೋದರೆ ಆರೂವರೆಗೆ ಮನೆ ಸೇರಿ ಬಿಸಿ ಸಾರು ಕುಡಿಯಬಹುದು. ಶನಿವಾರ, ಭಾನುವಾರ ಕಾರುಗಳ ಸಾಲು ಉದ್ದವಾಗಿರುತ್ತದೆ, ವಾರದ ನಡುವಿನ ದಿನವೇ ಒಳ್ಳೆಯದು. ನೀವು 18ಕ್ಕೆ ತಲುಪುವುದರಿಂದ ಎರಡು ವಾರದೊಳಗೆ ಇದನ್ನು ಮುಗಿಸಿಕೊಳ್ಳಬೇಕು. ಇದಕ್ಕೆ ಮಗಳ ರಜೆಯ ದಿನವೇ ಬೇಕೆಂದಿಲ್ಲ, ಬಿಡುವಿರುವ ಒಂದು ಸಂಜೆ ಸಾಕು.

ಹಗಲಿನಲ್ಲಿ ಗ್ರ್ಯಾಂಡ್‌ಡ್ಯಾಡ್ ಬ್ಲಫ್ ಎಂಬ ಗುಡ್ಡಕ್ಕೆ ಹೋಗಿ. ಊರಿನಿಂದ ಸುಮಾರು 180 ಮೀಟರ್ ಎತ್ತರ, ಮೇಲಿನವರೆಗೂ ರಸ್ತೆ ಇದೆ. ಅಲ್ಲಿಂದ ಇಡೀ ಊರು, ನದಿಯ ಕವಲುಗಳು, ಆಚೆ ದಡದ ಮಿನ್ನೆಸೋಟ, ತೆಳುವಾಗಿ ಅಯೋವಾ, ಹೀಗೆ ಮೂರು ರಾಜ್ಯಗಳು ಕಾಣುತ್ತವೆ. ಸುತ್ತಲಿನ ಮಿಡ್‌ವೆಸ್ಟ್, ಅಂದರೆ ಅಮೆರಿಕದ ಉತ್ತರ ಮಧ್ಯಭಾಗ, ಹಪ್ಪಳದಂತೆ ಚಪ್ಪಟೆಯಾಗಿರುವಾಗ ಇಲ್ಲಿ ಮಾತ್ರ ಗುಡ್ಡ ಕಣಿವೆಗಳಿರುವುದಕ್ಕೆ ಕಾರಣವಿದೆ: ಹಿಮಯುಗದ ಹಿಮರಾಶಿಗಳು ಈ ಭಾಗವನ್ನು ಬಳಸಿ ಮುಂದೆ ಹೋದವು, ಆದ್ದರಿಂದ ನೆಲ ಉಜ್ಜಿ ಸಮತಟ್ಟಾಗಲಿಲ್ಲ. ಹೊಸವರ್ಷದ ಮುನ್ನಾದಿನ ರಾತ್ರಿ ಈ ಗುಡ್ಡದ ಮೇಲಿಂದ ಬಾಣಬಿರುಸು ಹಾರಿಸುತ್ತಾರೆ.

ಒಂದು ದಿನ ಪೂರ್ತಿ ಸಿಕ್ಕಿದರೆ ನದಿಗುಂಟ ವಾಯವ್ಯಕ್ಕೆ ಸುಮಾರು 100 ಕಿಲೋಮೀಟರ್ ದೂರದ ವಬಾಶಾ ಎಂಬ ಊರಿಗೆ ಹೋಗಿ. ಅಲ್ಲಿ ನ್ಯಾಷನಲ್ ಈಗಲ್ ಸೆಂಟರ್ ಇದೆ. ಗಾಯಗೊಂಡು ಮತ್ತೆ ಕಾಡಿಗೆ ಬಿಡಲಾಗದ ಹದ್ದುಗಳನ್ನು ಸಾಕಿದ್ದಾರೆ, ಬೆಚ್ಚಗಿನ ಕೊಠಡಿಯೊಳಗೆ ನಾಲ್ಕು ಮಾರು ದೂರದಿಂದ ನೋಡಬಹುದು. ಬೇರೆಡೆ ಮಿಸಿಸಿಪ್ಪಿ ಹೆಪ್ಪುಗಟ್ಟಿದಾಗಲೂ ಪೆಪಿನ್ ಸರೋವರದ ಕೆಳಗೆ, ಚಿಪ್ಪೆವಾ ನದಿ ಬಂದು ಸೇರುವೆಡೆಯಲ್ಲಿ ನೀರು ತೆರೆದೇ ಇರುತ್ತದೆ. ಅಲ್ಲಿ ಮೀನು ಸಿಗುವುದರಿಂದ ಬಿಳಿತಲೆಯ ಹದ್ದುಗಳು ಚಳಿಗಾಲದಲ್ಲಿ ಅಲ್ಲಿ ಸೇರುತ್ತವೆ. ರಂಗನತಿಟ್ಟಿಗೆ ಹೋಗಿ ಸಂತೋಷಪಟ್ಟವರಿಗೆ ಇದು ಮರೆಯಲಾಗದ ಪ್ರಯಾಣವಾಗುತ್ತದೆ.

ಉತ್ತರ 2: ವಿದ್ಯುತ್ ಇಲಾಖೆಯ ನಿವೃತ್ತ ಎಂಜಿನಿಯರ್, ಮಲ್ಲೇಶ್ವರ

ಸೀರಿಯಲ್ ಸೆಟ್ ಬಗ್ಗೆ ಮೊದಲು ಹೇಳುತ್ತೇನೆ, ಏಕೆಂದರೆ ಇದು ಸುರಕ್ಷತೆಯ ವಿಷಯ. ಚಿಕ್ಕಪೇಟೆಯಲ್ಲಿಯೋ ಎಸ್.ಪಿ. ರೋಡಿನಲ್ಲಿಯೋ ಸಿಗುವ ಸರಗಳು ನಮ್ಮ 230 ವೋಲ್ಟ್, 50 ಹರ್ಟ್ಸ್ ವಿದ್ಯುತ್ತಿಗೆ ಮಾಡಿದವು. ಅಲ್ಲಿ ಮನೆಗೆ ಬರುವುದು 120 ವೋಲ್ಟ್, 60 ಹರ್ಟ್ಸ್. ನಮ್ಮ ಸರ ಅಲ್ಲಿ ಮಂಕಾಗಿ ಉರಿದೀತು ಅಥವಾ ಉರಿಯದೇ ಹೋದೀತು, ಪಿನ್ನೂ ಬೇರೆ. ಮೇಲಾಗಿ, ಮಳೆ ಹಿಮಕ್ಕೆ ತಡೆಯುವಂಥದ್ದೆಂದು ಪ್ರಮಾಣಿತವಾಗದ ಸರವನ್ನು ಹೊರಗೆ ಹಾಕುವುದು ತರವಲ್ಲ. ದಯವಿಟ್ಟು ಒಯ್ಯಬೇಡಿ. ಕ್ರಿಸ್ಮಸ್ ಮುಗಿದ ಮರುದಿನವೇ ಅಲ್ಲಿನ ಅಂಗಡಿಗಳಲ್ಲಿ ದೀಪದ ಸರಗಳ ಬೆಲೆ ಬಹಳ ಇಳಿಯುತ್ತದೆ. ಆಗ ಕೊಂಡರೆ ಸಂಕ್ರಾಂತಿಗೂ ಆಯಿತು, ಮುಂದಿನ ದೀಪಾವಳಿಗೂ ಆಯಿತು.

ಸೀರಿಯಲ್ ಸೆಟ್ ಎಂಬ ನಮ್ಮ ಹೆಸರಿನಲ್ಲಿಯೇ ಅದರ ಗುಟ್ಟಿದೆ. ಬಲ್ಬುಗಳು ಒಂದರ ಹಿಂದೆ ಒಂದು ಸೇರಿರುತ್ತವೆ. ಅಮೆರಿಕದ ಹಳೆಯ ಸಣ್ಣ ಬಲ್ಬಿನ ಸರದಲ್ಲಿ 50 ಬಲ್ಬುಗಳು ತಲಾ ಸುಮಾರು ಎರಡೂವರೆ ವೋಲ್ಟಿನಂತೆ ಹಂಚಿಕೊಳ್ಳುತ್ತಿದ್ದವು. ಒಂದು ಕೆಟ್ಟರೆ ಇಡೀ ಸರ ಆರಿಹೋಗಬೇಕಷ್ಟೇ. ಗಣೇಶನ ಪೆಂಡಾಲಿನಲ್ಲಿ ಒಂದೊಂದೇ ಬಲ್ಬನ್ನು ಮುಟ್ಟಿ ಅಲ್ಲಾಡಿಸುತ್ತ ಕೆಟ್ಟದ್ದನ್ನು ಹುಡುಕಿದ ನೆನಪು ನಮ್ಮ ತಲೆಮಾರಿನ ಎಲ್ಲರಿಗೂ ಇದ್ದೀತು. ಇದಕ್ಕೆ ಪರಿಹಾರವಾಗಿ ಬಲ್ಬಿನೊಳಗೆ ಇನ್ನೊಂದು ಸಣ್ಣ ತಂತಿಯ ಸುರುಳಿ ಇಟ್ಟರು. ಬಲ್ಬು ಚೆನ್ನಾಗಿರುವಾಗ ಅದರ ಮೇಲಿನ ಲೇಪ ವಿದ್ಯುತ್ತನ್ನು ತಡೆಯುತ್ತದೆ, ಮುಖ್ಯ ತಂತಿ ಕಡಿದಾಗ ಪೂರ್ಣ ವೋಲ್ಟೇಜಿನ ಒತ್ತಡಕ್ಕೆ ಲೇಪ ಸುಟ್ಟು ಸುರುಳಿಯೇ ದಾರಿ ಬಿಡುತ್ತದೆ, ಉಳಿದ ಬಲ್ಬುಗಳು ಉರಿಯುತ್ತಲೇ ಇರುತ್ತವೆ. ಎಂತಹ ಅಚ್ಚುಕಟ್ಟಾದ ಯೋಚನೆ ಎಂದು ನನಗೆ ಇಂದಿಗೂ ಅನ್ನಿಸುತ್ತದೆ.

ಸಣ್ಣ ಊರೊಂದು 30 ಲಕ್ಷ ದೀಪ ಹಚ್ಚುವುದಕ್ಕೆ ಎಲ್‌ಇಡಿ ಬಂದದ್ದು ದೊಡ್ಡ ಅನುಕೂಲ. ತಂತಿಯ ಸಣ್ಣ ಬಲ್ಬಿಗೆ ಸುಮಾರು 0.4 ವ್ಯಾಟ್ ಬೇಕು. ಅಷ್ಟು ಬಲ್ಬು ಒಟ್ಟಿಗೆ ಹೊತ್ತಿಸಲು 1,200 ಕಿಲೋವ್ಯಾಟ್ ಬೇಕಾಗುತ್ತದೆ. ಎಲ್‌ಇಡಿಗೆ ಸುಮಾರು 0.07 ವ್ಯಾಟ್ ಸಾಕಾಗುವುದರಿಂದ ಅದೇ ಕೆಲಸ 210 ಕಿಲೋವ್ಯಾಟಿನಲ್ಲಿ ಮುಗಿಯುತ್ತದೆ.

ನಿಮ್ಮ ಮಗಳಿರುವ ವಿಸ್ಕಾನ್ಸಿನ್ ರಾಜ್ಯಕ್ಕೂ ವಿದ್ಯುತ್ ದೀಪಕ್ಕೂ ಹಳೆಯ ನಂಟಿದೆ. ಅದೇ ರಾಜ್ಯದ ಆಪಲ್‌ಟನ್ ಊರಿನಲ್ಲಿ, ಫಾಕ್ಸ್ ನದಿಯ ನೀರಿನಿಂದ ನಡೆಯುವ ವಿದ್ಯುತ್ ಕೇಂದ್ರವೊಂದು 1882ರ ಸೆಪ್ಟೆಂಬರ್ 30ರಂದು ಕೆಲಸ ಆರಂಭಿಸಿ ಕಾಗದದ ಗಿರಣಿಗಳಿಗೂ ಒಂದು ಮನೆಗೂ ಬೆಳಕು ಕೊಟ್ಟಿತು. ಹಾರ್ತ್‌ಸ್ಟೋನ್ ಎಂಬ ಆ ಮನೆ ಈಗ ವಸ್ತುಸಂಗ್ರಹಾಲಯ. ಅದೇ ವರ್ಷದ ಡಿಸೆಂಬರ್ 22ರಂದು ನ್ಯೂಯಾರ್ಕಿನಲ್ಲಿ ಎಡಿಸನ್ನರ ಸಹೋದ್ಯೋಗಿ ಎಡ್ವರ್ಡ್ ಜಾನ್ಸನ್ ತಮ್ಮ ಮನೆಯ ಕ್ರಿಸ್ಮಸ್ ಮರಕ್ಕೆ ಕೆಂಪು, ಬಿಳಿ, ನೀಲಿ ಬಣ್ಣದ 80 ವಿದ್ಯುತ್ ಬಲ್ಬುಗಳನ್ನು ಕಟ್ಟಿದರು; ಇಂದಿನ ಈ ಅಲಂಕಾರಗಳೆಲ್ಲ ಅಲ್ಲಿಂದ ಬೆಳೆದು ಬಂದವು. ಅದಕ್ಕೂ ಎರಡು ವರ್ಷ ಮೊದಲು, 1880ರ ಮಾರ್ಚ್ 31ರ ರಾತ್ರಿ, ಮಿಡ್‌ವೆಸ್ಟಿನದೇ ಇನ್ನೊಂದು ಪುಟ್ಟ ಊರಾದ ಇಂಡಿಯಾನಾದ ವಾಬಾಶ್‌ನವರು ತಮ್ಮ ನ್ಯಾಯಾಲಯದ ಗೋಪುರದ ಮೇಲೆ ನಾಲ್ಕು ಆರ್ಕ್ ದೀಪಗಳನ್ನು ಹೊತ್ತಿಸಿ ಇಡೀ ಊರನ್ನು ಬೆಳಗಿಸಿದ್ದರು. ನಮ್ಮಲ್ಲಿ ಶಿವನಸಮುದ್ರದ ಕೇಂದ್ರ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಕಳುಹಿಸಿತು, 1905ರ ಆಗಸ್ಟ್ 5ರಂದು ಬೆಂಗಳೂರಿನ ಸಿಟಿ ಮಾರುಕಟ್ಟೆಯ ಬಳಿ ಬೀದಿದೀಪ ಉರಿಯಿತು. ಆಪಲ್‌ಟನ್ ಲಾ ಕ್ರಾಸ್‌ನಿಂದ ಮೂರು ಗಂಟೆಯ ದಾರಿ. ಚಳಿಗಾಲದ ರಸ್ತೆಯಲ್ಲಿ ಅದಕ್ಕೆಂದೇ ಹೋಗಿ ಎಂದು ಹೇಳಲಾರೆ, ಆದರೆ ಶಿಕ್ಷಕಿಯಾಗಿದ್ದ ನಿಮಗೆ ಇದು ತಿಳಿದಿರಲಿ ಎಂದು ಬರೆದೆ.

ಉತ್ತರ 3: ಗೃಹಿಣಿ, ವಿಜಯನಗರ

ನಮಸ್ಕಾರ ಅಕ್ಕ. ಮಗನ ಮನೆಗೆಂದು ಹೋಗಿ ಮಿನ್ನೆಸೋಟದಲ್ಲಿ ಎರಡು ಚಳಿಗಾಲ ಕಳೆದವಳು ನಾನು. ನೀವು ಹೋಗುವ ಊರು ನದಿಯಾಚೆಗೇ ಇದೆ. ರಾತ್ರಿ ಸೊನ್ನೆಗಿಂತ 10, 15 ಡಿಗ್ರಿ ಕೆಳಗಿಳಿಯುವುದು ಅಲ್ಲಿ ಸಾಮಾನ್ಯ. ಹೆದರಬೇಡಿ, ಆದರೆ ಹಗುರವಾಗಿಯೂ ತೆಗೆದುಕೊಳ್ಳಬೇಡಿ.

ಒಂದೇ ದಪ್ಪ ಕೋಟಿಗಿಂತ ಮೂರು ಪದರ ಬಟ್ಟೆ ಮೇಲು. ಮೈಗೆ ಅಂಟಿದಂತೆ ಥರ್ಮಲ್, ಅದರ ಮೇಲೆ ಉಣ್ಣೆಯ ಸ್ವೆಟರ್, ಹೊರಗೆ ಗಾಳಿ ಹೋಗದ ಜಾಕೆಟ್. ಜಾಕೆಟ್ಟನ್ನೂ ಬೂಟನ್ನೂ ಅಲ್ಲಿಯೇ ಕೊಳ್ಳಿ. ಬೆಂಗಳೂರಿನ ಚಳಿಗೆಂದು ಮಾರುವುದು ಅಲ್ಲಿ ನಿಲ್ಲುವುದಿಲ್ಲ. ಕಾಲುಚೀಲ ಹತ್ತಿಯದು ಬೇಡ, ಒಮ್ಮೆ ತೇವವಾದರೆ ಕಾಲು ಮರಗಟ್ಟುತ್ತದೆ, ಉಣ್ಣೆಯದೇ ಇರಲಿ. ಸೀರೆ ಉಡುವವರಾದರೆ ಒಳಗೆ ಥರ್ಮಲ್ ಪ್ಯಾಂಟ್ ಹಾಕಿಕೊಂಡರೂ ಅಂಚು ಹಿಮದಲ್ಲಿ ನೆನೆದು ಭಾರವಾಗುತ್ತದೆ. ದೀಪ ನೋಡಲು ಹೋಗುವ ಸಂಜೆಯ ಮಟ್ಟಿಗೆ ಸಲ್ವಾರ್ ಅಥವಾ ಪ್ಯಾಂಟ್ ಹಾಕಿ.

ನಿಮ್ಮವರ ಮಂಡಿಯ ಬಗ್ಗೆ ಹೇಳುವುದಾದರೆ, ಹಿಮದ ಮೇಲೆ ನಡೆಯುವುದು ಅಷ್ಟು ಕಷ್ಟವಲ್ಲ, ಹಿಮ ಕರಗಿ ಮತ್ತೆ ಗಟ್ಟಿಯಾದ ಗಾಜಿನಂಥ ಪದರವೇ ಅಪಾಯ. ಅದು ಕಣ್ಣಿಗೆ ಕಾಣುವುದೂ ಇಲ್ಲ. ಬೂಟಿನ ಅಡಿಗೆ ಸಿಕ್ಕಿಸುವ ಮುಳ್ಳಿನ ಪಟ್ಟಿಗಳು ಅಲ್ಲಿನ ಅಂಗಡಿಗಳಲ್ಲಿ ಸಿಗುತ್ತವೆ, ಮೊದಲ ದಿನವೇ ಕೊಳ್ಳಿ. ಪಾದವನ್ನು ಪೂರ್ತಿ ಊರಿ, ಸಣ್ಣ ಹೆಜ್ಜೆಯಿಟ್ಟು, ಕೈಗಳನ್ನು ಜೇಬಿನಿಂದ ಹೊರಗಿಟ್ಟು ನಡೆಯಬೇಕು. ನನ್ನ ಮೊದಲ ಚಳಿಗಾಲದಲ್ಲಿ ಕೈ ಜೇಬಿನಲ್ಲಿಟ್ಟುಕೊಂಡೇ ಜಾರಿ ಮಣಿಕಟ್ಟಿನ ಮೂಳೆ ಮುರಿದುಕೊಂಡೆ. ಆಸ್ಪತ್ರೆಯ ಖರ್ಚನ್ನು ಪ್ರವಾಸದ ವಿಮೆ ಭರಿಸಿತು. ವಿಮೆ ಮಾಡಿಸುವಾಗ ಹಳೆಯ ಶಸ್ತ್ರಚಿಕಿತ್ಸೆಯನ್ನು ಮುಚ್ಚಿಡದೆ ಬರೆಸಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರಿದ್ದರೆ ಅದನ್ನು ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ, ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು. ಫೋನನ್ನೂ ಒಳಜೇಬಿನಲ್ಲಿಡಿ, ಚಳಿಗೆ ಬ್ಯಾಟರಿ ಬೇಗ ಕುಸಿದು, ಸರಿಯಾಗಿ ಫೋಟೋ ತೆಗೆಯುವ ಹೊತ್ತಿಗೆ ಆರಿಹೋಗುತ್ತದೆ.

ತಿಂಡಿಯ ಬಗ್ಗೆಯೂ ಒಂದು ಮಾತು. ಆ ಭಾಗಕ್ಕೆ ನಾರ್ವೆಯಿಂದ ವಲಸೆ ಬಂದವರು ಬಹಳ. ಕ್ರಿಸ್ಮಸ್ ಹೊತ್ತಿಗೆ ಲೆಫ್ಸೆ ಎಂಬ ಆಲೂಗಡ್ಡೆಯ ರೊಟ್ಟಿ ಅಂಗಡಿಗಳಲ್ಲಿ ಸಿಗುತ್ತದೆ. ಹೋಳಿಗೆಯ ಹೊರಪದರದಷ್ಟು ಮೃದು, ಬೆಣ್ಣೆ ಸಕ್ಕರೆ ಹಚ್ಚಿ ಸುರುಳಿ ಸುತ್ತಿ ತಿನ್ನುತ್ತಾರೆ. ನನಗೆ ತುಂಬ ಇಷ್ಟವಾಯಿತು. ವಿಸ್ಕಾನ್ಸಿನ್ನಿನ ಚೀಸ್ ತುಣುಕುಗಳಿಗೂ ಹೆಸರಿದೆ, ಕೆಲವು ಚೀಸ್‌ಗಳಲ್ಲಿ ಹಾಲು ಒಡೆಯಲು ಪ್ರಾಣಿಜನ್ಯ ರೆನೆಟ್ ಬಳಸುವುದರಿಂದ ಸಸ್ಯಾಹಾರಿಗಳು ಚೀಟಿ ಓದಿ ಕೊಳ್ಳಬೇಕು.

ಉತ್ತರ 4: ಬನಶಂಕರಿ

ಶಿಕಾಗೋವನ್ನು ಪೂರ್ತಿ ಕೈಬಿಡಬೇಡಿ ಎಂದು ನನ್ನ ಕೋರಿಕೆ. ಹೇಗಿದ್ದರೂ ನಿಮ್ಮ ವಿಮಾನ ಅಲ್ಲಿಯೇ ಇಳಿಯುವ ಸಂಭವ ಹೆಚ್ಚು. ಶಿಕಾಗೋದಿಂದ ಲಾ ಕ್ರಾಸ್‌ಗೆ ಆಮ್‌ಟ್ರ್ಯಾಕ್ ರೈಲಿದೆ. ಹಳೆಯ ಎಂಪೈರ್ ಬಿಲ್ಡರ್ ಜೊತೆಗೆ 2024ರ ಮೇ ತಿಂಗಳಿನಿಂದ ಬೋರಿಯಾಲಿಸ್ ಎಂಬ ಹಗಲು ರೈಲೂ ಓಡುತ್ತಿದೆ. ಸುಮಾರು ಐದು ಗಂಟೆಯ ಪ್ರಯಾಣ. ಹಿಮದಲ್ಲಿ ಮಗಳು 450 ಕಿಲೋಮೀಟರ್ ಕಾರು ಓಡಿಸಿಕೊಂಡು ಬಂದು ನಿಮ್ಮನ್ನು ಕರೆದೊಯ್ಯುವುದಕ್ಕಿಂತ ಇದು ಎಲ್ಲರಿಗೂ ಹಿತ.

ಬಂದ ದಿನ ಅಲ್ಲಿಯೇ ತಂಗಿ ದಣಿವಾರಿಸಿಕೊಂಡು, ಮರುದಿನ ಆರ್ಟ್ ಇನ್‌ಸ್ಟಿಟ್ಯೂಟ್‌ಗೆ ಹೋಗಿ. 1893ರ ಸೆಪ್ಟೆಂಬರ್ 11ರಂದು ಸ್ವಾಮಿ ವಿವೇಕಾನಂದರು ಸರ್ವಧರ್ಮ ಸಮ್ಮೇಳನದಲ್ಲಿ ಮಾತನಾಡಿದ್ದು ಆ ಕಟ್ಟಡದಲ್ಲಿಯೇ. ಆಶ್ರಮದ ನೆರೆಯಲ್ಲಿ ಬದುಕಿದವರು ನೀವು, ಅಲ್ಲಿ ನಿಂತಾಗ ಏನನ್ನಿಸುತ್ತದೆಂದು ನಾನು ಹೇಳಬೇಕಿಲ್ಲ. ಸಂಜೆ ಡೇಲಿ ಪ್ಲಾಜಾದಲ್ಲಿ ಜರ್ಮನ್ ಶೈಲಿಯ ಕ್ರಿಸ್ಮಸ್ ಸಂತೆ ಕ್ರಿಸ್ಮಸ್‌ವರೆಗೆ ನಡೆಯುತ್ತದೆ. ಬಹಳ ನೂಕುನುಗ್ಗಲು, ಅರ್ಧ ಗಂಟೆ ಸಾಕು.

ಮತ್ತೆ ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ನಿಮ್ಮ ಉತ್ತರಗಳನ್ನು ನಮ್ಮವರಿಗೆ ಓದಿ ಹೇಳಿದೆ. ವಿವೇಕಾನಂದರ ವಿಷಯ ಬಂದಾಗ ಅವರು ಎದ್ದು ಕುಳಿತರು. ಶಿಕಾಗೋದಲ್ಲಿ ಎರಡು ರಾತ್ರಿ ತಂಗಿ, ಬಂದ ಮರುದಿನ ಬೆಳಿಗ್ಗೆ ಆರ್ಟ್ ಇನ್‌ಸ್ಟಿಟ್ಯೂಟ್, ಆಮೇಲಿನ ದಿನ ಬೋರಿಯಾಲಿಸ್ ರೈಲು ಎಂದು ನಿಶ್ಚಯಿಸಿದೆವು. ಮಗಳ ನಾಲ್ಕು ದಿನದ ರಜೆ ಹಾಗೆಯೇ ಉಳಿಯುತ್ತದೆ. ಅದರಲ್ಲಿ ಒಂದು ದಿನ ವಬಾಶಾದ ಹದ್ದುಗಳು, ಒಂದು ದಿನ ಗುಡ್ಡ, ಮಿಕ್ಕೆರಡು ದಿನ ಅವಳೊಡನೆ ಮನೆಯಲ್ಲಿ. ಸೀರಿಯಲ್ ಸೆಟ್ ಕೈಬಿಟ್ಟಿದ್ದೇನೆ.

ಬಾಗಿಲಲ್ಲಿ ಆಹಾರ ಕೊಟ್ಟು ದೀಪ ನೋಡುವ ವಿಚಾರ ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿದೆ. ಇಲ್ಲಿಂದಲೇ ನಾವು ಮಾಡಿದ ಹುರಿಹಿಟ್ಟು, ಚಟ್ನಿಪುಡಿಯಂಥದ್ದನ್ನು ಒಯ್ದು ಕೊಡಬಹುದೇ, ಅಥವಾ ಅಲ್ಲಿಯೇ ಕೊಂಡು ಕೊಡಬೇಕೇ?

ಉತ್ತರ 1 ಬರೆದವರು

ಮೇಡಂ, ಮನೆಯಲ್ಲಿ ಮಾಡಿದ್ದನ್ನು ದಿನಸಿ ಕೇಂದ್ರಗಳು ಸ್ವೀಕರಿಸುವುದಿಲ್ಲ. ಕಾರ್ಖಾನೆಯಲ್ಲಿ ಮುಚ್ಚಿದ, ಅದರಲ್ಲಿ ಏನೇನಿದೆ ಎಂದು ಚೀಟಿ ಇರುವ ಪೊಟ್ಟಣವೇ ಆಗಬೇಕು. ಚಟ್ನಿಪುಡಿಯನ್ನು ಮಗಳಿಗೆ ಒಯ್ಯಿರಿ, ವಿಮಾನ ನಿಲ್ದಾಣದಲ್ಲಿ ಆಹಾರ ಪದಾರ್ಥವಿದೆ ಎಂದು ತಪ್ಪದೆ ಘೋಷಿಸಿ. ಉದ್ಯಾನದ ಬಾಗಿಲಿಗೆ ಬೇಯಿಸಿದ ಬೀನ್ಸ್, ತರಕಾರಿ, ಹಣ್ಣಿನ ಡಬ್ಬಿಗಳು, ಕಡಲೆಕಾಯಿ ಬೆಣ್ಣೆ, ಅಕ್ಕಿ, ಪಾಸ್ತಾ ಒಳ್ಳೆಯದು. ಗಾಜಿನ ಸೀಸೆ ಬೇಡ. ಪರಿಷೆಯ ಊರಿನಿಂದ ಹೋಗುವವರು ನೀವು, ಕಡಲೆಕಾಯಿ ಬೆಣ್ಣೆಯ ಡಬ್ಬಿಯನ್ನೇ ನಾಲ್ಕು ಹೆಚ್ಚು ಕೊಡಿ. ಮಕ್ಕಳಿರುವ ಮನೆಗಳಿಗೆ ಅದು ತುಂಬ ಬೇಕಾಗುತ್ತದೆ.